ಕರಪತ್ರದ ದುಡ್ಡು ಯಾರದು?

ಆ ಬೇಸಿಗೆ ಕ್ಯಾಲಿಫೋರ್ನಿಯಾದ ಆಲ್ಡರ್ ಫೋರ್ಕ್ ಊರಿನಲ್ಲಿ ನೀರಿನ ಬಿಲ್ಲು ಏರಿತು. ಜನ ಗೊಣಗುತ್ತಿರುವಾಗಲೇ ಮನೆಮನೆಗೆ ಮಿರಿಮಿರಿ ಮಿಂಚುವ ಕರಪತ್ರ ಬಂತು: 'ಬಿಲ್ಲು ಏರಿಸಿದ ನಗರಸಭೆ ಸದಸ್ಯೆ ಎಲ್ವೀರಾಳನ್ನು ಅವಧಿಗೆ ಮುಂಚೆಯೇ ಇಳಿಸಿ!' ಕೆಳಗೆ 'ನಿಮ್ಮ ನೆರೆಹೊರೆಯವರು' ಎಂದಷ್ಟೇ ಇತ್ತು.

ಹಾಗೆ ಇಳಿಸಲು ಮೊದಲು ಅರ್ಜಿಗೆ ಇಂತಿಷ್ಟು ಮತದಾರರ ಸಹಿ ಬೇಕು, ಆಮೇಲೆ ಚುನಾವಣೆ. ಬ್ಯೂಟಿ ಪಾರ್ಲರ್ ನಡೆಸುವ ಡೊರೀನ್ ಸಹಿ ಹಾಕಿಸಲು ಟೊಂಕ ಕಟ್ಟಿ ನಿಂತಳು. ತಲೆ ಒದ್ದೆ ಮಾಡಿಕೊಂಡು ಕೂತವರು ಎಲ್ಲಿಗೆ ಓಡಿಯಾರು?

ಅವಳ ಗೆಳತಿ ಮಾರ್ಲಿಸ್ ಹಿಂದಿನ ವರ್ಷ ಗ್ರಂಥಾಲಯದ ವಿಷಯಕ್ಕೆ ಜನಮತ ಕೇಳಿದಾಗ ಪ್ರಚಾರದ ಹಣ ನೋಡಿಕೊಂಡಿದ್ದಳು. ಕರಪತ್ರವನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಇದಕ್ಕೆ ದುಡ್ಡು ಕೊಟ್ಟೋರು ಯಾರೇ?"

"ನಮ್ಮೂರೋರೇ. ಇನ್ಯಾರು, ಚಂದ್ರಲೋಕದಿಂದ ಬಂದ್ರಾ?"

"ಹೆಸರೇ ಇಲ್ವಲ್ಲ! ಒಂದು ಮಿತಿ ದಾಟಿ ಹಣ ಎತ್ತಿದ್ರೆ ಸಮಿತಿ ಅಂತ ನೋಂದಾಯಿಸ್ಬೇಕು, ಯಾರು ಎಷ್ಟು ಕೊಟ್ರು ಅಂತ ಜನಕ್ಕೆ ತಿಳಿಸ್ಬೇಕು. ಕುರ್ಚಿ ಏರೋರಿಗೆ ಮಾತ್ರ ಅಲ್ಲ ಕಣೇ, ಕುರ್ಚಿಯಿಂದ ಇಳಿಸೋಕೆ ಹೊರಟೋರಿಗೂ ಕಾನೂನು ಇದೆ. ಜನಮತ ಕೇಳೋರಿಗೂ ಇದೆ."

"ಅಯ್ಯೋ ಮಾರಾಯ್ತಿ, ಬಿಲ್ಲು ಏರಿದ್ದು ಸುಳ್ಳಾ? ಅಷ್ಟು ಹೇಳು ಸಾಕು."

ಅದೇ ವಾರ ಎಲ್ವೀರಾಳ ತಾಯಿ ಕ್ಲೆಮೆನ್ಸಿಯಾ ಕೂದಲು ಸರಿಮಾಡಿಸಿಕೊಳ್ಳಲು ಬಂದರು. ಡೊರೀನ್ ಅವರ ಮುಂದೆಯೂ ಅರ್ಜಿಯ ಕಾಗದ ಹಿಡಿದಳು.

"ಏನಮ್ಮ ಇದು? ಕನ್ನಡಕ ಕೊಡು, ನೋಡ್ತೀನಿ."

"ಕನ್ನಡಕ ಯಾಕಜ್ಜಿ, ನೀರಿನ ಬಿಲ್ಲು ಇಳಿಸೋಕೆ ಅಷ್ಟೇ."

"ಒಳ್ಳೇ ಕೆಲಸ," ಎಂದು ಮುದುಕಿ ಸಹಿ ಹಾಕಿದರು.

ಇತ್ತ ಮಾರ್ಲಿಸ್ ಸುಮ್ಮನಿರಲಿಲ್ಲ. ಪ್ರಚಾರದ ಹಣದ ಮೇಲೆ ಕಣ್ಣಿಡುವ ಸರ್ಕಾರಿ ಕಚೇರಿಗೆ ದೂರು ಕೊಟ್ಟಳು. ಕರಪತ್ರ ಹಂಚಿದ ಗುಂಪು ಲೆಕ್ಕ ಬಿಚ್ಚಿಡಬೇಕಾಯಿತು. ಊರಿನ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಹೆಚ್ಚುಕಡಿಮೆ ಎಲ್ಲ ಹಣವೂ ದೂರದ ಒಂದು ಜಲ್ಲಿ ಕ್ವಾರಿ ಕಂಪನಿಯದು. ಅವರ ಲಾರಿಗಳು ಶಾಲೆಯ ಮುಂದೆ ಓಡಬಾರದು ಎಂದು ಸಭೆಯಲ್ಲಿ ಪಟ್ಟು ಹಿಡಿದವಳು ಎಲ್ವೀರಾ. ನೀರಿನ ದರ ಏರಿಸುವ ತೀರ್ಮಾನವಾದಾಗ ಅವಳು ಸದಸ್ಯೆಯೇ ಆಗಿರಲಿಲ್ಲ.

ಓದಿ ಡೊರೀನಳ ಮುಖ ನಾಚಿಕೆಯಿಂದ ಕೆಂಪಾಯಿತು. ಗಂಡ ವೇಡ್ ಸಮಾಧಾನ ಹೇಳಿದ: "ಬಿಡೇ, ಸಹಿ ಹಾಕಿದ್ದು ಅವರವರ ಕೈ ತಾನೆ?"

"ಕನ್ನಡಕ ಕೇಳಿದಾಗ ಬೇಡ ಅಂದಿದ್ದು ಯಾರ ಬಾಯಿ?"

ವೇಡ್ ಎದ್ದು ಹೋಗಿ, ಅಂಗಳದಲ್ಲಿ ತಾನೇ ನೆಟ್ಟಿದ್ದ 'ಎಲ್ವೀರಾಳನ್ನು ಇಳಿಸಿ' ಫಲಕ ಕಿತ್ತುಹಾಕಿದ.

ಡೊರೀನ್ ಎಲ್ವೀರಾಳ ಮನೆಗೆ ಹೋದಳು. ಎಲ್ವೀರಾ ಬಾಗಿಲಲ್ಲೇ ನಿಂತಳು, ಒಳಗೆ ಕರೆಯಲಿಲ್ಲ.

"ಪೇಪರ್ ನೋಡಿದ್ಮೇಲೆ ಅಮ್ಮಂಗೆ ಗೊತ್ತಾಯ್ತು. ಹೆತ್ತ ಮಗಳ ಮೇಲೇ ಸಹಿ ಹಾಕ್ದೆ ಅಂತ ಚರ್ಚಿಗೂ ಬರ್ತಿಲ್ಲ. ನಾಚ್ಕೋಬೇಕಾದೋರು ಅವರಾ, ಡೊರೀನ್?"

ಡೊರೀನ್ ತಲೆ ಎತ್ತಲಿಲ್ಲ. "ಅರ್ಜಿ ಸಲ್ಲಿಸೋಕೆ ಮುಂಚೆ ನಗರಸಭೆ ಕಚೇರಿಗೆ ಬರೆದುಕೊಟ್ರೆ ಸಹಿ ವಾಪಸ್ ತಗೋಬಹುದಂತೆ. ಮಾರ್ಲಿಸ್ ಹೇಳಿದ್ಲು. ಅಜ್ಜೀನ ನಾನೇ ಕರ್ಕೊಂಡು ಹೋಗ್ತೀನಿ."

"ನಮ್ಮಮ್ಮನ್ನ ನಾನು ಕರ್ಕೊಂಡು ಹೋಗ್ತೀನಿ. ನೀನು ಉಳಿದೋರ ಮನೆಗೆ ಹೋಗು."

ಹೋದಳು. ಜೊತೆಗೆ ವೇಡ್ ಕೂಡ. "ಹಾಕಿ ಅಂದೋಳೂ ನೀನೇ, ತೆಗೀರಿ ಅನ್ನೋಳೂ ನೀನೇ!" ಎಂದು ಕೆಲವರು ನಕ್ಕರು. ಒಬ್ಬಾಕೆ ಮುಖಕ್ಕೇ ಬಾಗಿಲು ಹಾಕಿದಳು. ಆದರೂ ಅನೇಕರು ಸಹಿ ಹಿಂಪಡೆದರು. ಬೇಕಾದಷ್ಟು ಸಹಿ ಕೂಡಲಿಲ್ಲ, ಎಲ್ವೀರಾ ಉಳಿದಳು. ಕ್ಲೆಮೆನ್ಸಿಯಾ ಮಾತ್ರ ಮತ್ತೆ ಆ ಪಾರ್ಲರಿನ ಮೆಟ್ಟಿಲು ಹತ್ತಲಿಲ್ಲ. ದಾರಿಯಲ್ಲಿ ಎದುರಾದರೆ ಡೊರೀನಳ ಕಣ್ಣು ಇಂದಿಗೂ ನೆಲ ನೋಡುತ್ತದೆ.

ಅಕ್ಕ, ಅಣ್ಣ, ನಿಮ್ಮ ಮುಂದೆಯೂ ಯಾರಾದರೂ ಕಾಗದ ಹಿಡಿದಾರು. ಕನ್ನಡಕ ಹಾಕಿಕೊಳ್ಳಿ, ಪೂರ್ತಿ ಓದಿ. 'ಈ ಪ್ರಚಾರಕ್ಕೆ ಹಣ ಯಾರದು?' ಎಂದು ಬಾಯಿಬಿಟ್ಟು ಕೇಳಿ. ಹೆಸರು ಹೇಳದಿದ್ದರೆ ಪೆನ್ನು ಅವರ ಕೈಗೇ ವಾಪಸು ಕೊಡಿ. ಇನ್ನು ಕಾಗದ ಹಿಡಿಯುವವರು ನೀವೇ ಆದರೆ, ಈ ಪ್ರಶ್ನೆಯನ್ನು ಮೊದಲು ನಿಮಗೇ ಕೇಳಿಕೊಳ್ಳಿ.