ಹೊದಿಕೆಯೊಳಗಿನ ಶತ್ರು

ನಾನು ಬೆರಳುದ್ದದ ಸೀಸೆಯಲ್ಲಿರುವ ಸೀರಮ್, ಅಂದರೆ ರಕ್ತದ ತಿಳಿ. ಹುಟ್ಟಿದ್ದು ಒಂದು ಬಿಳಿ ಮೊಲದ ರಕ್ತದಲ್ಲಿ. ಸತ್ತ ಟೈಫಾಯ್ಡ್ ರೋಗಾಣುಗಳನ್ನು ಅದಕ್ಕೆ ಚುಚ್ಚಿದರು. ಅವುಗಳ ಮೈಮೇಲಿನ ಗುರುತು ಕಂಡರೆ ಬಿಡದೆ ಹಿಡಿಯುವ ಪ್ರತಿಕಾಯಗಳು ನನ್ನಲ್ಲಿ ತುಂಬಿಕೊಂಡವು. ಮೊದಮೊದಲು ಆ ಗುರುತನ್ನು ಸ್ವಲ್ಪ ಹೋಲುವ ಬೇರೆ ರೋಗಾಣುಗಳಿಗೂ ಕೈ ಹಾಕುತ್ತಿದ್ದೆ. ಸೀರಮ್ ಕಾರ್ಖಾನೆಯವರು ಅಂಥ ಪ್ರತಿಕಾಯಗಳನ್ನು ಸೋಸಿ ತೆಗೆದು ಆ ಚಟ ಬಿಡಿಸಿ, ಗದಗ ಕಡೆಯ ಒಂದು ಸಣ್ಣ ಪ್ರಯೋಗಾಲಯಕ್ಕೆ ಕಳಿಸಿದರು.

ಅಲ್ಲಿ ನನ್ನ ಯಜಮಾನರು ತಂತ್ರಜ್ಞ ನದಾಫರು. ಗಾಜಿನ ಪಟ್ಟಿಯ ಮೇಲೆ ರೋಗಾಣು ಕದಡಿದ ನೀರು, ಅದಕ್ಕೆ ನನ್ನದೊಂದು ಹನಿ. ಟೈಫಾಯ್ಡೇ ಆದರೆ ಹಾಲು ಒಡೆದಂತೆ ಕಣಕಣವಾಗಬೇಕು. ಮೇಜಿನ ಮೇಲಿಂದ ನನಗೆ ಕಾಣುತ್ತಿದ್ದದ್ದು ನದಾಫರ ಗಡ್ಡ, ಮೂಗಿನ ಹೊಳ್ಳೆ ಅಷ್ಟೇ. ಹೊಳ್ಳೆ ಅರಳಿದರೆ ನಾನು ಗೆದ್ದೆನೆಂದು ಲೆಕ್ಕ.

ಒಂದು ಬೇಸಿಗೆಯಲ್ಲಿ ಹುಡುಗಿಯರ ಹಾಸ್ಟೆಲಿನ ಹನ್ನೊಂದು ಮಂದಿ ಜ್ವರದಿಂದ ಮಲಗಿದರು. ಟೈಫಾಯ್ಡ್ ಎಂದು ಬರೆದುಕೊಟ್ಟರೆ ಮಾತ್ರ ನೀರಿನ ಟ್ಯಾಂಕ್ ಮುಚ್ಚುತ್ತೇವೆಂದು ಮೇಲಿನ ಅಧಿಕಾರಿಗಳ ಹಟ. ಉಳಿದ ಹುಡುಗಿಯರು ಇನ್ನೂ ಅದೇ ನೀರು ಕುಡಿಯುತ್ತಿದ್ದರು. ವಾರ್ಡನ್ ಅನಸೂಯಾಬಾಯಿ ನಮ್ಮ ಬಾಗಿಲಲ್ಲೇ ಕುಳಿತುಬಿಟ್ಟರು.

ಒಬ್ಬಳ ರಕ್ತದಿಂದ ಬೆಳೆಸಿದ ರೋಗಾಣುವಿನ ಮೇಲೆ ನದಾಫರು ನನ್ನನ್ನು ಬಿಟ್ಟರು. ಎಷ್ಟು ತಡಕಿದರೂ ಗುರುತು ಸಿಗಲಿಲ್ಲ. ಹನಿ ಹಾಲಿನಂತೆ ಹಾಗೇ ಉಳಿಯಿತು. ನನಗೆ ನಾಚಿಕೆಯಾಯಿತು.

“ಮೇಡಂ, ಸೀರಮ್ ಕೆಟ್ಟೈತ್ರಿ. ಮೊನ್ನೆ ಕರೆಂಟ್ ಹೋದಾಗ ಫ್ರಿಜ್ ಬೆಚ್ಚಗಾಗಿತ್ತಲ್ರೀ,” ಎಂದು ನದಾಫರು ಪ್ರಯೋಗಾಲಯದ ವೈದ್ಯೆಗೆ ಹೇಳಿ, ನನ್ನನ್ನು ಕಸದ ಡಬ್ಬಿಯ ಮೇಲೆ ಹಿಡಿದರು.

ಕೆಟ್ಟಿಲ್ಲ, ಕೆಟ್ಟಿಲ್ಲ ಎಂದು ಒಳಗೇ ಕೂಗಿದೆ. ಸೀಸೆಯ ಕೂಗು ಯಾರಿಗೆ ಕೇಳಬೇಕು?

ವೈದ್ಯೆ ಶಾಂತಲಾ ಹೊಂಬಳ ತಡೆದರು. “ತಡೀರಿ ನದಾಫರ. ಈಗಷ್ಟ ಮೈಯಾಗಿಂದ ಬಂದ ರೋಗಾಣು ಅದು. ಮ್ಯಾಲ ಹೊದಿಕಿ ಹೊದ್ಕೊಂಡಿರ್ತೈತಿ. ಕುದಿಸ್ರಿ, ಹೊದಿಕಿ ಹೋಗ್ಲಿ, ಆಮ್ಯಾಲ ನೋಡೂಣು.”

ಕುದಿಸಿ, ಆರಿಸಿ, ಮತ್ತೆ ಒಂದು ಹನಿ. ಈ ಸಲ ಗುರುತು ಬೆತ್ತಲಾಗಿ ಎದುರಿಗಿತ್ತು. ಒಂದನ್ನು ಹಿಡಿದೆ, ಇನ್ನೊಂದನ್ನು ಅದಕ್ಕೆ ಕಟ್ಟಿದೆ, ಬಿಡಲಿಲ್ಲ. ಅರೆನಿಮಿಷದಲ್ಲಿ ಹನಿ ಕಣಕಣವಾಯಿತು. ತಾಳೆ ನೋಡಲು ಪಕ್ಕದಲ್ಲಿ ಅದೇ ರೋಗಾಣುವಿಗೆ ಬರೀ ಉಪ್ಪುನೀರು ಬೆರೆಸಿಟ್ಟಿದ್ದ ಹನಿ ಮಾತ್ರ ಒಡೆಯಲಿಲ್ಲ. ಇನ್ನು ಅನುಮಾನವೇ ಇರಲಿಲ್ಲ.

ವರದಿ ಕೈಗೆ ಬಂದೊಡನೆ ಅನಸೂಯಾಬಾಯಿ ಅಲ್ಲಿಂದಲೇ ಫೋನ್ ಮಾಡಿದರು. “ಟ್ಯಾಂಕ್ ಬಂದ್ ಮಾಡ್ರಿ. ಈಗಿಂದೀಗ! ಕಾಗದ ನನ್ನ ಕೈಯಾಗ ಐತಿ.”

ಈಗ ನನ್ನ ಅವಧಿ ಮುಗಿದಿದೆ. ಫ್ರಿಜ್ಜಿನ ಹಿಂದಿನ ಮೂಲೆಯಲ್ಲಿ, ಹೊಸ ಸೀಸೆಗಳ ಬೆನ್ನಿಗೆ ನಿಂತಿದ್ದೇನೆ. ತಳದಲ್ಲಿ ಎರಡು ಹನಿ ಉಳಿದಿರಬಹುದು. ಆ ಹಾಸ್ಟೆಲಿನಿಂದ ಜ್ವರದ ರಕ್ತ ಮತ್ತೆ ಬಂದಿಲ್ಲ. ನಾನು ಹುಟ್ಟಿದ್ದೇ ಹಿಡಿಯುವುದಕ್ಕೆ. ಆದರೂ ಅಲ್ಲಿಂದ ಹಿಡಿಯಲು ಏನೂ ಬರದಿರಲಿ ಎಂದು ದಿನಾ ಬಯಸುತ್ತೇನೆ.