ಚಂಬಣ್ಣನ ಅಂಗಡಿಯ ಭಾರದ ಫ್ರೇಮು

ಹಾವಿನ ದ್ವೇಷ ಹನ್ನೆರಡು ವರುಷ ಎನ್ನುತ್ತಾರೆ. ನಾನು ಹಾವಲ್ಲ, ಸೈಕಲ್ಲಿನ ಒಂದು ಉಕ್ಕಿನ ಫ್ರೇಮು. ನನ್ನ ದ್ವೇಷಕ್ಕೆ ಯಾರೂ ಗಡುವು ಹಾಕಿಲ್ಲ.

ನಾನು ಹುಟ್ಟಿದ್ದು ಬೆಳಗಾವಿಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ. ತೆಳುವಾದರೂ ಗಟ್ಟಿಯಾದ ಉಕ್ಕಿನ ಕೊಳವೆಗಳನ್ನು ಕತ್ತರಿಸಿ, ತುದಿ ಉಜ್ಜಿ, ಬೆಂಕಿಯಲ್ಲಿ ಬೆಸೆದು, ಹಸಿರು ಬಣ್ಣ ಹೊಡೆದು ನನ್ನನ್ನು ಮಾಡಿದರು. ಗುಡ್ಡ ಹತ್ತಿ ಇಳಿಯುವ ಸೈಕಲ್ಲಿಗೆಂದೇ ಮಾಡಿದ ಮೈ ನನ್ನದು. ಮುಂದೆ ಸ್ಪ್ರಿಂಗಿನ ಫೋರ್ಕು ಕೂರುತ್ತದೆ, ಹಿಂದೆ ಸ್ಪ್ರಿಂಗಿನ ಹಂಗಿಲ್ಲ. ಇಂಥದ್ದನ್ನು ಹಾರ್ಡ್‌ಟೇಲ್ ಎನ್ನುತ್ತಾರೆ. ಹಿಂದಿನ ಗಾಲಿಗೆ ಬಿದ್ದ ಕಲ್ಲಿನ ಹೊಡೆತವನ್ನು ನನ್ನ ಉಕ್ಕೇ ತುಸು ಬಾಗಿ ನುಂಗಿಕೊಳ್ಳಬೇಕು. ಆ ಕೆಲಸಕ್ಕಾಗಿ ಹುಟ್ಟಿದವನು ನಾನು.

ಗದಗಿನ ಸೈಕಲ್ ವ್ಯಾಪಾರಿ ಚಂಬಣ್ಣ ನನ್ನನ್ನು ಕೊಂಡು ತಂದ. ತಂದದ್ದೇನೋ ಮಾರುವುದಕ್ಕೇ. ಆದರೆ ಅಲ್ಯುಮಿನಿಯಂ ಫ್ರೇಮಿನಲ್ಲಿ ಲಾಭ ಹೆಚ್ಚೆಂದು ತಿಳಿದ ಮೇಲೆ ನನಗೆ ಬೇರೆ ಕೆಲಸ ಹಚ್ಚಿದ. ಬಾಗಿಲ ಪಕ್ಕದ ಮೊಳೆಗೆ ನನ್ನನ್ನು ನೇತುಹಾಕಿದ. ಗಿರಾಕಿ ಬಂದ ಕೂಡಲೇ ಅವನ ಒಂದು ಕೈಗೆ ಕೆಂಪಗೆ ಹೊಳೆಯುವ ಅಲ್ಯುಮಿನಿಯಂ ಫ್ರೇಮು ಕೊಡುತ್ತಿದ್ದ, ಇನ್ನೊಂದು ಕೈಗೆ ನನ್ನನ್ನು.

“ಇದನ್ನ ಎತ್ರಿ. ಈಗ ಇದನ್ನ ಎತ್ರಿ. ಗ್ಯಾಸಿನ ಪೈಪ್ ಇದ್ದಂಗ ಐತಿ. ಗುಡ್ಡದಾಗ ಸೈಕಲ್ ನಿಮ್ಮನ್ನ ಹೊರಬೇಕೋ, ನೀವು ಸೈಕಲ್ ಹೊರಬೇಕೋ?”

ಗಿರಾಕಿ ನಗುತ್ತಿದ್ದ. ಕೆಂಪು ಫ್ರೇಮು ಮಾರಿಹೋಗುತ್ತಿತ್ತು. ನಾನು ಮತ್ತೆ ಮೊಳೆಗೆ. ಊರಿನವರೆಲ್ಲ ನನ್ನನ್ನು ಎತ್ತಿದ್ದರು, ಹತ್ತಿ ಓಡಿಸಿದವರು ಒಬ್ಬರೂ ಇಲ್ಲ. ಕೂಸಿನ ಚಂದ ಎದ್ದು ಕಾಣಲು ಕೆನ್ನೆಗಿಟ್ಟ ಕರಿಯ ದೃಷ್ಟಿಬೊಟ್ಟಿನಂತೆ ಬದುಕಿದೆ. ಹಲ್ಲಿದ್ದಿದ್ದರೆ ಕಡಿಯುತ್ತಿದ್ದೆ.

ಮೊಳೆಯ ಮೇಲಿಂದ ನನಗೆ ಹಿಂದಿನ ಕೋಣೆಯೂ ಕಾಣುತ್ತಿತ್ತು. ಬೇರೆ ಊರುಗಳಿಂದ ಬಿರುಕು ಬಿಟ್ಟ ಅಲ್ಯುಮಿನಿಯಂ ಫ್ರೇಮುಗಳು ಅಲ್ಲಿಗೆ ಅಗ್ಗದಲ್ಲಿ ಬರುತ್ತಿದ್ದವು. ಚಂಬಣ್ಣ ಬಿರುಕಿಗೆ ಪುಟ್ಟಿ ಮೆತ್ತಿ, ಉಜ್ಜಿ, ಕೆಂಪು ಬಣ್ಣ ಹೊಡೆದು ಹೊಸದೆಂದು ಮಾರುತ್ತಿದ್ದ. ಮೇಲೆಲ್ಲ ಥಳಕು, ಒಳಗೆಲ್ಲ ಹುಳುಕು. ಹೇಳೋಣವೆಂದರೆ ನನಗೆ ಬಾಯಿಲ್ಲ.

ಅಂಥದ್ದೊಂದನ್ನು ಕೊಂಡವಳು ಹಸೀನಾ. ಅಪ್ಪನ ಗಾದಿ ಅಂಗಡಿಯಲ್ಲಿ ಅರಳೆ ತುಂಬಿ ಹೊಲಿಯುವ ಹುಡುಗಿ, ಕೂದಲಲ್ಲಿ ಸದಾ ಒಂದೆರಡು ಎಳೆ ಹತ್ತಿ. ಊರಾಚೆಯ ಗುಡ್ಡದಲ್ಲಿ ಅವಳಷ್ಟು ಜೋರಾಗಿ ಇಳಿಯುವವರು ಇರಲಿಲ್ಲವಂತೆ. ಒಂದು ದಿನ ಆ ಇಳಿಜಾರಿನಲ್ಲೇ ಫ್ರೇಮು ಹ್ಯಾಂಡಲ್ ಕೂರುವ ಕುತ್ತಿಗೆಯ ಹತ್ತಿರ ಮುರಿದು, ಹಸೀನಾಳ ಹೆಗಲ ಎಲುಬು ಮುರಿಯಿತು.

ಅವಳು ತೋಳಿಗೆ ಪಟ್ಟಿ ಕಟ್ಟಿಕೊಂಡು ಅಂಗಡಿಗೆ ಬಂದಳು. ಚಂಬಣ್ಣ ಗಿರಾಕಿಗಳ ಕಡೆ ತಿರುಗಿ ನಕ್ಕ. “ಕುಣಿಯಾಕ ಬರದಾಕಿ ನೆಲ ಡೊಂಕ ಅಂದ್ಲಂತ. ಎಮ್ಮಿಕರಾ ಕುಂತ್ರ ಫ್ರೇಮರ ಏನ್ ಮಾಡತೈತಿ?”

ಆ ಮಾತು ಊರೆಲ್ಲ ಹಬ್ಬಿತು. ಹಸೀನಾಗೆ ಸೈಕಲ್ ಹೊಡೆಯಲು ಬರುವುದಿಲ್ಲ ಎಂದರು. ಜಿಲ್ಲೆಯ ತಂಡ ಇಪ್ಪತ್ಮೂರು ವಯಸ್ಸಿನೊಳಗಿನವರದು, ಅವಳಿಗೆ ಉಳಿದದ್ದು ಒಂದೇ ವರುಷ. ಆ ವರುಷದ ಆಯ್ಕೆ ಪಂದ್ಯ ಗೆಲ್ಲದಿದ್ದರೆ ಎಮ್ಮೆಕರುವೆಂಬ ಹೆಸರೇ ಉಳಿಯುತ್ತಿತ್ತು.

ಎಲುಬು ಕೂಡಿದ ಮೇಲೆ ಅವಳು ಮತ್ತೆ ಬಂದಳು. ಈ ಸಲ ನನ್ನನ್ನು ತೋರಿಸಿದಳು. ಎಲ್ಲರಂತೆ ಎತ್ತಿ ನೋಡಲಿಲ್ಲ. ಗಾದಿ ಹೊಲಿಯುವ ದಾರವನ್ನು ನನ್ನ ಹಿಂದಿನ ತುದಿಗೆ ಕಟ್ಟಿ, ಕುತ್ತಿಗೆ ಸುತ್ತಿಸಿ ಇನ್ನೊಂದು ಬದಿಗೆ ತಂದು, ನಡುವಿನ ಕೊಳವೆಗೂ ದಾರಕ್ಕೂ ಎರಡು ಕಡೆ ಒಂದೇ ಅಂತರವಿದೆಯೇ ಎಂದು ನೋಡಿದಳು. ಪ್ರತಿ ಬೆಸುಗೆಯ ಮೇಲೂ ಉಗುರು ಆಡಿಸಿದಳು. ಕೊಳವೆಯೊಳಗೆ ಟಾರ್ಚು ಬಿಟ್ಟು ತುಕ್ಕು ಹುಡುಕಿದಳು. ದಪ್ಪ ಟೈರಿಗೆ ಹಿಂದೆ ಜಾಗವಿದೆಯೇ, ಡಿಸ್ಕ್ ಬ್ರೇಕು ಕೂರುವ ಕಿವಿ ಇದೆಯೇ ಎಂದು ನೋಡಿದಳು. ಹುಟ್ಟಿದ ಮೇಲೆ ನನ್ನನ್ನು ಹೀಗೆ ಯಾರೂ ಮುಟ್ಟಿರಲಿಲ್ಲ.

“ಕೊಟ್ಟ ರೊಕ್ಕಕ್ಕ ಮೋಸಿಲ್ಲ, ಕೊಡ್ರಿ” ಅಂದಳು.

“ಒಯ್ಯವಾ. ನಿನಗ ತಕ್ಕದ್ದ ಐತಿ” ಅಂದ ಚಂಬಣ್ಣ. ಮತ್ತೆ ಎಲ್ಲರೂ ನಕ್ಕರು. ನಕ್ಕವರ ಒಂದೊಂದು ಮುಖವೂ ನನಗೆ ಇಂದಿಗೂ ನೆನಪಿದೆ.

ಗಾಲಿ, ಫೋರ್ಕು ಕೂರಿಸಿ ಹಸೀನಾ ನನ್ನನ್ನು ಸೈಕಲ್ ಮಾಡಿದಳು. ಆಯ್ಕೆ ಪಂದ್ಯದ ದಿನ ಚಂಬಣ್ಣನೇ ಬಹುಮಾನದ ದಾನಿ. ಏರಿನಲ್ಲಿ ನನ್ನ ಭಾರ ಹಸೀನಾಳ ಉಸಿರು ಹಿಂಡಿತು, ಸುಳ್ಳು ಹೇಳುವುದಿಲ್ಲ. ಆದರೂ ತುದಿ ಮುಟ್ಟುವಾಗ ಮುಂದೆ ಉಳಿದವಳು ಸುವರ್ಣಾ ಒಬ್ಬಳೇ. ಅವಳದೂ ಚಂಬಣ್ಣನ ಕೆಂಪು ಫ್ರೇಮು. ಪಕ್ಕಕ್ಕೆ ಬಂದಾಗ ನಾನೂ ಹಸೀನಾಳೂ ಕಂಡೆವು: ಕುತ್ತಿಗೆಯ ಬೆಸುಗೆಯ ಮೇಲೆ ಬಣ್ಣ ಕೂದಲೆಳೆಯಷ್ಟು ಸೀಳಿತ್ತು.

ಮುಂದೆ ಅದೇ ಇಳಿಜಾರು, ಕೆಳಗೆ ಊರಿನ ಜನ, ನಡುವೆ ಚಂಬಣ್ಣ. ಸುಮ್ಮನಿರು ಹಸೀನಾ, ಎಂದು ನನ್ನ ಕೊಳವೆ ಕೊಳವೆಯೂ ಕೂಗಿತು. ಮುರಿಯಲಿ. ಎಲ್ಲರ ಕಣ್ಣೆದುರು ಮುರಿಯಲಿ.

“ಸುವರ್ಣಾ, ನಿಂದ್ರು. ಫ್ರೇಮ್ ಸೀಳೈತಿ” ಎಂದು ಹಸೀನಾ ಕೂಗಿಯೇ ಬಿಟ್ಟಳು.

“ನನ್ನ ಹಿಂದ ಹಾಕಾಕ ಈ ಆಟ ಹೂಡಿಯೇನ್?” ಎಂದು ಸುವರ್ಣಾ ಪೆಡಲು ಒತ್ತಿದಳು.

ಹಸೀನಾ ನನ್ನನ್ನು ಅವಳ ಗಾಲಿಗೆ ಅಡ್ಡ ತಿರುಗಿಸಿದಳು. ಇಳಿಜಾರು ಶುರುವಾಗುವ ಮೊದಲೇ ಇಬ್ಬರೂ ಮುಳ್ಳುಕಂಟಿಯಲ್ಲಿ ಬಿದ್ದರು.

ಚಂಬಣ್ಣ ಏದುಸಿರು ಬಿಡುತ್ತ ಹತ್ತಿ ಬಂದ. “ಗೆಲ್ಲಾಕ ಆಗಲಾರದ್ದಕ್ಕ ಕೆಡವ್ಯಾಳ್ರಿ.” ತೀರ್ಪುಗಾರರು ಹಸೀನಾಳನ್ನು ಪಂದ್ಯದಿಂದ ತೆಗೆದರು. ಅವಳು ಸುವರ್ಣಾಳ ಸೈಕಲ್ಲನ್ನು ಎರಡು ಕಲ್ಲಿನ ಮೇಲೆ ಅಡ್ಡ ಇಟ್ಟು, ಒಂದು ಕಾಲೂರಿ ಮೈಭಾರ ಬಿಟ್ಟಳು. ಫ್ರೇಮು ಒಣಗಿದ ಜೋಳದ ದಂಟಿನಂತೆ ಮುರಿಯಿತು. ಬಣ್ಣದ ಕೆಳಗೆ ಬೂದು ಪುಟ್ಟಿ, ಪುಟ್ಟಿಯ ಕೆಳಗೆ ಹಳೆಯ ಬಿರುಕು. ಸುವರ್ಣಾ ಅಲ್ಲೇ ಕುಳಿತುಬಿಟ್ಟಳು.

ಹಸೀನಾ ಮುರಿದ ತುಂಡನ್ನು ಚಂಬಣ್ಣನ ಕೈಗಿಟ್ಟಳು. “ಈಗ ಎತ್ರಿ ಸಾವಕಾರ್ರ. ಎಷ್ಟು ಹಗೂರೈತಿ ನೋಡ್ರಿ.”

ಅಂದು ಯಾರೂ ನಗಲಿಲ್ಲ. ವರುಷ ತುಂಬುವುದರೊಳಗೆ ಚಂಬಣ್ಣನ ಅಂಗಡಿಗೆ ಬೀಗ ಬಿತ್ತು. ನನ್ನ ಹೊಟ್ಟೆ ತಣ್ಣಗಾಯಿತೇ? ಇಲ್ಲ. ಹಸೀನಾ ತಂಡಕ್ಕೆ ಆಯ್ಕೆಯಾಗಲಿಲ್ಲ, ಮುಂದೆ ವಯಸ್ಸು ಮೀರಿತು. ಅದನ್ನು ಯಾವ ಬೀಗವೂ ತುಂಬಿಕೊಡಲಿಲ್ಲ.

ಎಷ್ಟೋ ವರುಷ ಕಳೆದವು. ಈಗ ನಾನು ಗಾದಿ ಅಂಗಡಿಯ ಮೂಲೆಯಲ್ಲಿದ್ದೇನೆ. ಹಳೆಯ ಹಸಿರು ಹೋಗಿ ಮೈಗೆ ಕಪ್ಪು ಬಣ್ಣ ಬಂದಿದೆ, ಕೊಳವೆಯೊಳಗೆ ಅಲ್ಲಲ್ಲಿ ತುಕ್ಕು. ಗದಗಿನ ಹುಡುಗಿಯರು ಸೈಕಲ್ ಕೊಳ್ಳುವ ಮೊದಲು ಹಸೀನಾಳ ಹತ್ತಿರ ಬರುತ್ತಾರೆ. ಅವಳು ಕೈಯ ಸೂಜಿ ಬದಿಗಿಟ್ಟು ಫ್ರೇಮು ನೋಡಿಕೊಡುತ್ತಾಳೆ.

ಮೊನ್ನೆ ಮಧ್ಯಾಹ್ನ ಮುದುಕನೊಬ್ಬನನ್ನು ಮೊಮ್ಮಗಳು ಕರೆತಂದಳು. ಕೈಯಲ್ಲಿ ಯಾರೋ ಮಾರಲಿಟ್ಟ ಹಳೆಯ ಅಲ್ಯುಮಿನಿಯಂ ಫ್ರೇಮು. ದನಿ ಕೇಳಿದ ಕೂಡಲೇ ನನಗೆ ಗೊತ್ತಾಯಿತು, ಚಂಬಣ್ಣ. ಹಸೀನಾಗೂ ಗೊತ್ತಾಯಿತು. ಅವನ ಕಣ್ಣು ಮಂಜಾಗಿತ್ತು. ಗಾದಿಯವಳ ಗುರುತೂ ಹತ್ತಲಿಲ್ಲ, ನನ್ನದೂ ಹತ್ತಲಿಲ್ಲ.

ಹಸೀನಾ ಉಗುರು ಆಡಿಸಿದಳು. “ಬ್ಯಾಡ್ರಿ ಅಜ್ಜಾರ. ಕುತ್ತಿಗಿ ಸೀಳೈತಿ. ಕೂಸು ಬೀಳತೈತಿ.”

“ಮಂದಿ ಎಷ್ಟು ಮೋಸ ಮಾಡ್ತಾರವಾ” ಎಂದು ಮುದುಕ ನಿಟ್ಟುಸಿರುಬಿಟ್ಟ. ತಡಕಾಡಿದ ಕೈ ನನ್ನ ಮೇಲೆ ಬಿತ್ತು. ಬೆಸುಗೆಗಳನ್ನು ಒಂದೊಂದಾಗಿ ಸವರಿದ. “ಉಕ್ಕಿಂದು, ಚಲೋ ಐತಿ. ಇಂಥದ್ದು ಎಲ್ಲಿ ಸಿಗತೈತವಾ?”

“ಗದಗಿನ್ಯಾಗ ಒಂದ ಇತ್ರಿ” ಅಂದಳು ಹಸೀನಾ. “ನಿಮ್ಮ ಅಂಗಡ್ಯಾಗ.”

ಅವನ ಕೈ ನನ್ನ ಮೇಲೆಯೇ ನಿಂತಿತು. “ಯಾಕ ಅಜ್ಜಾ, ಏನಾತು?” ಎಂದು ಮೊಮ್ಮಗಳು ಕೇಳುತ್ತಲೇ ಇದ್ದಳು. ಮುದುಕ ಗಾದಿಯ ರಾಶಿಗೆ ಒರಗಿ ಕುಳಿತ.

ಹಸೀನಾ ಒಳಗೆ ಹೋಗಿ ಅವನಿಗೆ ಒಂದು ಲೋಟ ನೀರು ತಂದಳು. ನಾನಾಗಿದ್ದರೆ ತರುತ್ತಿರಲಿಲ್ಲ.