ಪಂಪು ತಣ್ಣಗಿಡುವ ಕೆಲಸ

ಮಧುಗಿರಿಯ ಎಣ್ಣೆ ಗಿರಣಿಯ ಸಾಹುಕಾರ ಶಂಕರಲಿಂಗಪ್ಪನ ಬಳಿ ಇಂಗ್ಲೆಂಡಿನ ಹಳೆಯ ಎರಡು ಸೀಟಿನ ಕಾರೊಂದಿತ್ತು. ದೇಶ ಬಿಟ್ಟು ಹೊರಟ ಕಾಫಿ ತೋಟದ ದೊರೆಯೊಬ್ಬನಿಂದ ಕೊಂಡದ್ದು. ಸಿರಾದಲ್ಲಿ ಲಾರಿಗಳ ಡೀಸೆಲ್ ಪಂಪು ರಿಪೇರಿ ಮಾಡುತ್ತಿದ್ದ ಕದಿರಯ್ಯ ಅದರ ಇಂಜಿನ್ನಿನ ಸಿಲಿಂಡರುಗಳನ್ನು ಕೊರೆಸಿ ಅಗಲ ಮಾಡಿಸಿ, ದೊಡ್ಡ ಪಿಸ್ಟನ್ನುಗಳನ್ನು ಕೂರಿಸಿದ್ದ. ಆಮೇಲೆ ಗಾಳಿಗೆ ಪೆಟ್ರೋಲು ಬೆರೆಸುವ ಹಳೆಯ ಕಾರ್ಬ್ಯುರೇಟರುಗಳು ಸಾಲದಾದವು. ನಿಧಾನಕ್ಕೆ ಓಡಿಸಿದರೆ ಇಂಜಿನ್ ಕೆಮ್ಮುತ್ತಿತ್ತು, ಜೋರಾಗಿ ಓಡಿಸಿದರೆ ಪೆಟ್ರೋಲು ಸಾಲದೆ ಸೊರಗುತ್ತಿತ್ತು. ಅವುಗಳ ಬದಲು ಪೆಟ್ರೋಲನ್ನು ಪಂಪಿನಿಂದ ಇಂಜಿನ್ನಿಗೆ ಚಿಮ್ಮಿಸುವ ಇಂಜೆಕ್ಷನ್ ಹಾಕಿಸಿಯೇ ಬಿಡುವುದೆಂದು ಶಂಕರಲಿಂಗಪ್ಪ ತೀರ್ಮಾನಿಸಿದ. ಅದು 1979.

ಮದರಾಸಿನ ವ್ಯಾಪಾರಿಯೊಬ್ಬ ಎರಡು ಬಗೆ ಹೇಳಿದ. ಇಂಗ್ಲೆಂಡಿನದು ಕೈಯಲ್ಲೇ ಇತ್ತು. ಅದರಲ್ಲಿ ಡಿಕ್ಕಿಯೊಳಗಿನ ಕರೆಂಟಿನ ಪಂಪು ಪೆಟ್ರೋಲನ್ನು ಭಾರೀ ಒತ್ತಡದಲ್ಲಿ ಮುಂದಕ್ಕೆ ತಳ್ಳುತ್ತಿತ್ತು. ಜರ್ಮನಿಯದರಲ್ಲಿ ಬೆಲ್ಟು ಹಾಕಿ ಇಂಜಿನ್ನೇ ಪಂಪನ್ನು ತಿರುಗಿಸುತ್ತಿತ್ತು. ಆದರೆ ಅದು ಹಡಗಿನಲ್ಲಿ ಬರಬೇಕು, ಎರಡು ತಿಂಗಳು ಹಿಡಿಯುತ್ತದೆ. ಕದಿರಯ್ಯ ಜರ್ಮನಿಯದೇ ಇರಲಿ ಎಂದ. ನಮ್ಮ ಬಿಸಿಲಿಗೆ ಕರೆಂಟಿನ ಪಂಪು ಕಾದುಹೋಗುತ್ತದೆ, ಪೆಟ್ರೋಲು ನೊರೆಯಾಗಿ ಗಾಡಿ ನಿಂತುಬಿಡುತ್ತದೆ ಎಂದು ಅವನ ವಾದ. ಆದರೆ ಹಿಂದೂಪುರದ ಗೆಳೆಯನೊಬ್ಬ ಪಾವಗಡದಿಂದ ಮಧುಗಿರಿಯವರೆಗೆ ಪಂದ್ಯಕ್ಕೆ ಕರೆದಿದ್ದ. ಏಪ್ರಿಲ್ ಕಳೆಯುವುದರೊಳಗೆ ಓಡಬೇಕು. ಶಂಕರಲಿಂಗಪ್ಪ ಇಂಗ್ಲೆಂಡಿನದನ್ನೇ ತರಿಸಿದ.

ಪಿಕಪ್ಪು ಅದ್ಭುತವಾಗಿತ್ತು. ಆದರೆ ಒಂದು ಮಧ್ಯಾಹ್ನ ಕೊರಟಗೆರೆ ರಸ್ತೆಯಲ್ಲಿ ಪಂಪು ಮುಟ್ಟಲಾಗದಷ್ಟು ಕಾದು ಕಾರು ನಿಂತಿತು. ಇದು ಓಡಬೇಕಾದರೆ ಯಾರಾದರೂ ಡಿಕ್ಕಿಯಲ್ಲಿ ಕೂತು ಪಂಪಿಗೆ ಒದ್ದೆ ಗೋಣಿ ಸುತ್ತಿಕೊಂಡೇ ಇರಬೇಕು ಎಂದು ಕದಿರಯ್ಯ ನಗುತ್ತ ಹೇಳಿದ. ಶಂಕರಲಿಂಗಪ್ಪ ನಗಲಿಲ್ಲ. ಗಿರಣಿಗೆ ವಾಪಸಾದವನೇ ಕಾವಲುಗಾರ ಬೋರಣ್ಣನನ್ನು ಕರೆಸಿದ.

ಬೋರಣ್ಣ ಹುಲಿಕುಂಟೆಯ ಕಡೆಯವನು, ಕುರಿ ಕಾಯುವ ಮನೆತನ. ಕುರಿಗಳೆಲ್ಲ ರೋಗಕ್ಕೆ ಹೋದ ಮೇಲೆ ಹೆಂಡತಿ ರಂಗಕ್ಕನೊಂದಿಗೆ ಬಂದು ಗಿರಣಿಯ ಹಿಂದಿನ ಕೊಠಡಿಯಲ್ಲಿದ್ದ. ಸಣ್ಣ ಮೈಕಟ್ಟು, ಡಿಕ್ಕಿಯಲ್ಲಿ ಮೊಣಕಾಲು ಮಡಚಿ ಕೂತರೆ ಸರಿಯಾಗಿ ಹಿಡಿಸುತ್ತಿದ್ದ. ಡಿಕ್ಕಿಯ ಮುಚ್ಚಳ ಬಿಚ್ಚಿಸಿ, ಪಕ್ಕಕ್ಕೆ ನೀರಿನ ಕ್ಯಾನು, ಐಸಿನ ತುಂಡುಗಳನ್ನು ಇಟ್ಟುಕೊಟ್ಟರು. ಮೊದಲ ಸಲ ಹೋಗಿ ಬಂದಾಗ ಅವನು ಖುಷಿಯಾಗಿಯೇ ಇದ್ದ. ಅಂಥ ಕಾರಿನಲ್ಲಿ ತಮ್ಮ ಕುಲದವರು ಯಾರೂ ಕೂತಿರಲಿಲ್ಲ ಎಂದು ಹೆಂಡತಿಗೆ ಹೇಳಿದ. ದಿನಗಳೆದಂತೆ ಪೆಟ್ರೋಲಿನ ಘಾಟಿಗೆ ಅನ್ನ ಸೇರದಾಯಿತು, ತಲೆ ಸಿಡಿಯತೊಡಗಿತು. ರಂಗಕ್ಕ ಬೇಡವೆಂದು ಅತ್ತಳು.

"ಸಾವ್ಕಾರ್ರು ಹೆಸ್ರಿಡ್ದು ಕರ್ದವ್ರೆ ಕಣೆ. ಹೆಂಗೆ ಒಲ್ಲೆ ಅನ್ಲಿ?" ಎಂದ ಬೋರಣ್ಣ.

ಪಂದ್ಯದ ದಿನ ಪಾವಗಡದಲ್ಲಿ ಬಂಡೆಗಳು ಬೆಳಗ್ಗೆಯೇ ಕಾದಿದ್ದವು. ಎರಡೂ ಕಾರುಗಳು ಒಟ್ಟಿಗೆ ಹೊರಟವು. ಊರು ದಾಟಿದ ಸ್ವಲ್ಪ ಹೊತ್ತಿಗೆ ಕುಲುಕಾಟಕ್ಕೆ ಪಂಪಿನ ಪೈಪಿನ ಜಾಯಿಂಟು ಸಡಿಲಿ ಪೆಟ್ರೋಲು ಬೋರಣ್ಣನ ಮುಖಕ್ಕೆ ಚಿಮ್ಮಿತು. ಅವನು ತಗಡನ್ನು ಬಡಿದ. ಶಂಕರಲಿಂಗಪ್ಪನಿಗೆ ಬಡಿತ ಕೇಳಿಸಿತು, ವಾಸನೆಯೂ ಬಂತು. ಕನ್ನಡಿಯಲ್ಲಿ ನೋಡಿದ. ಹಿಂದೂಪುರದವನ ಕಾರು ಬೆನ್ನಿಗೇ ಇತ್ತು. ಶಂಕರಲಿಂಗಪ್ಪ ಇನ್ನಷ್ಟು ಒತ್ತಿ ಓಡಿಸಿದ. ಮಿಡಿಗೇಶಿ ದಾಟುವಷ್ಟರಲ್ಲಿ ಬಡಿತ ನಿಂತಿತು. ಒಳ್ಳೆಯದೇ ಆಯಿತು ಅಂದುಕೊಂಡ.

ಗಿರಣಿಯ ಅಂಗಳಕ್ಕೆ ಅವನೇ ಮೊದಲು ಬಂದ. ಜನ ಸೇರಿ ಹಾರ ಹಾಕಿದರು. ಅಲ್ಲೇ ಕಾದಿದ್ದ ಕದಿರಯ್ಯ ಕಾರಿನ ಹಿಂಬದಿಗೆ ಓಡಿದ. ಬೋರಣ್ಣ ಗೋಣಿ ಸಮೇತ ಜಾಯಿಂಟನ್ನು ಎರಡೂ ಕೈಯಲ್ಲಿ ಅಮುಕಿ ಹಿಡಿದುಕೊಂಡೇ ಪ್ರಜ್ಞೆ ತಪ್ಪಿದ್ದ. ಬಟ್ಟೆಯೆಲ್ಲ ತೊಯ್ದಿತ್ತು, ಮುಖ ಕತ್ತಿನ ಚರ್ಮ ಬೊಬ್ಬೆ ಎದ್ದು ಕೆಂಪಾಗಿತ್ತು, ಬಾಯಲ್ಲಿ ನೊರೆ. ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಕೊರಳಲ್ಲಿ ಹಾರವಿದ್ದಂತೆಯೇ ಬಂದ ಶಂಕರಲಿಂಗಪ್ಪ ಬಗ್ಗಿ ಪಂಪನ್ನು ಮುಟ್ಟಿ ನೋಡಿದ.

"ತಣ್ಣಗೈತೆ ನೋಡು ಕದಿರಯ್ಯ."

ಪೆಟ್ರೋಲು ಶ್ವಾಸಕೋಶಕ್ಕೆ ಇಳಿದಿದೆ ಎಂದರು ಡಾಕ್ಟರು. ಮೂರನೆಯ ದಿನ ಬೋರಣ್ಣ ತೀರಿಕೊಂಡ. ಉಸಿರಿಗಾಗಿ ಅವನು ಒದ್ದಾಡುವುದನ್ನು ರಂಗಕ್ಕ ಕಾಲ ದೆಸೆಯಲ್ಲಿ ಕೂತು ನೋಡಿದಳು. ಸೋತ ಹಿಂದೂಪುರದವನು ಅಷ್ಟರಲ್ಲೇ ಮತ್ತೊಂದು ಪಂದ್ಯಕ್ಕೆ ಕರೆದಿದ್ದ. ಆಸ್ಪತ್ರೆಯ ಜಗುಲಿಯಲ್ಲಿ ಹೆಣಕ್ಕೆ ಕಾಯುತ್ತಿದ್ದಾಗ ಶಂಕರಲಿಂಗಪ್ಪ ಕದಿರಯ್ಯನ ಹತ್ತಿರ ಬಂದು ದನಿ ತಗ್ಗಿಸಿದ.

"ಜರ್ಮನಿದನ್ನೇ ತರ್ಸಾನ. ಅವ್ನಂಗೆ ಕೂತ್ಕಳೋನು ಇನ್ನೊಬ್ಬ ಎಲ್ಲಿ ಸಿಗ್ತಾನೆ?"

ಕದಿರಯ್ಯ ತಲೆಯಾಡಿಸಿದ. ಸಾಮಾನು ಬಂದ ಮೇಲೆ ಅವನೇ ಕೂರಿಸಿದ. ಎಂಥ ಬಿಸಿಲಿನಲ್ಲೂ ಕಾರು ನಿಲ್ಲಲಿಲ್ಲ. ಡಿಕ್ಕಿಗೆ ಮತ್ತೆ ಮುಚ್ಚಳ ಬಂತು.

ರಂಗಕ್ಕನಿಗೆ ಗಿರಣಿಯಲ್ಲೇ ಕಡಲೆಬೀಜ ಆರಿಸುವ ಕೆಲಸ ಕೊಟ್ಟಿದ್ದರು. ಒಂದು ದಿನ ಅಂಗಳದಲ್ಲಿ ಬೆಲ್ಟು ಬಿಗಿ ಮಾಡುತ್ತಿದ್ದ ಕದಿರಯ್ಯನ ಬಳಿ ಅವಳು ಬಂದು ನಿಂತಳು.

"ಅಣ್ಣಾ, ಇದ್ಕೆ ಯಾರೂ ಕೂರ್ಬೇಕಾಗಿಲ್ವಂತೆ, ದಿಟವಾ?"

ಬೇಕಾಗಿಲ್ಲ ಎಂದ ಅವನು.

"ಆವಾಗ್ಲೇ ಸಿಕ್ತಿತ್ತಾ ಇದು?"

"ಸಿಕ್ತಿತ್ತು ಕಣಮ್ಮ. ಎಲ್ಡು ತಿಂಗ್ಳು ಕಾಯ್ಬೇಕಿತ್ತು."

ರಂಗಕ್ಕ ಆ ಪಂಪನ್ನು ಬಗ್ಗಿ ನೋಡಿದಳು. ಒಳಗಿನಿಂದ ಮೇಸ್ತ್ರಿ ಕೂಗಿದ. ಅವಳು ಮೊರ ಹಿಡಿದುಕೊಂಡು ಹೋದಳು.